ಯಾರ ಮನೆಯ ಹುಡುಗ, ಯಾವ ಊರಿನ ಪದ

ಮಗನ ಗಣಿತದ ರಫ್ ನೋಟ್‌ಬುಕ್ ತಿರುವುತ್ತಿದ್ದೆ. ಯುನಿಟ್ ಟೆಸ್ಟಿನಲ್ಲಿ 25ಕ್ಕೆ 11 ಬಂದಿತ್ತು. ಎಲ್ಲಿ ಎಡವಿದ್ದಾನೆ ನೋಡೋಣ ಎಂದು ಕುಳಿತವನಿಗೆ ಕೊನೆಯ ನಾಲ್ಕು ಪುಟಗಳಲ್ಲಿ ಬೇರೆಯೇ ಲೆಕ್ಕ ಸಿಕ್ಕಿತು. ಗಿಡ್ಡ ಗಿಡ್ಡ ಸಾಲುಗಳು. ಪ್ರತಿ ಸಾಲಿನ ಕೊನೆಯ ಪದದ ಕೆಳಗೆ ಗೆರೆ. ಅಲ್ಲಲ್ಲಿ ಗೀಚಿ ಅಳಿಸಿ ಮೇಲೆ ಇನ್ನೊಂದು ಪದ. ಅಕ್ಷರ ಇಂಗ್ಲಿಷಿನವು, ಮಾತು ಬಂಗಾಳಿ, ನಡುನಡುವೆ ಹಿಂದಿ. ನಾಲ್ಕೂ ಪುಟ ಹುಡುಕಿದರೆ ಒಂದೇ ಒಂದು ಕನ್ನಡ ಪದವಿತ್ತು: ಸಾಕು.

ನಮ್ಮ ಮನೆಯಲ್ಲಿ ಅವನು ಅತಿ ಹೆಚ್ಚು ಕೇಳುವ ಕನ್ನಡ ಪದ ಅದೇ ಇರಬೇಕು ಎಂದು ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ.

ಮೊದಲ ಸಾಲು ಹೀಗಿತ್ತು: 'ಆಮಿ ಮಾದ್ರಾಜಿ ನೊಯ್, ಆಮಾರ್ ಬಾಡಿ ಕೊಸ್ಬಾ.' ನಾನು ಮದ್ರಾಸಿ ಅಲ್ಲ, ನನ್ನ ಮನೆ ಕಸ್ಬಾ. ಹೌದು, ನಾವಿರುವುದು ಕಸ್ಬಾದಲ್ಲಿ, ಬೈಪಾಸಿನ ಈಚೆಗೆ. ಕೋಲ್ಕತ್ತಾಗೆ ಬಂದು ಹನ್ನೊಂದು ವರ್ಷವಾಯಿತು. ಬಂದಾಗ ಅವನಿಗೆ ಎರಡು ವರ್ಷ. ಶಾಲೆಯಲ್ಲಿ ಅವನನ್ನು ಕೆಲವರು 'ಮಾದ್ರಾಜಿ' ಎಂದು ಕರೆಯುತ್ತಾರೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ವಿಂಧ್ಯದ ಈಚೆಗಿನವರೆಲ್ಲ ಇಲ್ಲಿಯವರಿಗೆ ಮದ್ರಾಸಿಗಳೇ. ಆಫೀಸಿನಲ್ಲಿ ನನಗೂ ಹೇಳುತ್ತಾರೆ. ನಾನು ನಕ್ಕು, ಗದಗ ಜಿಲ್ಲೆ ನಕಾಶೆಯಲ್ಲಿ ಎಲ್ಲಿದೆ ಎಂದು ತೋರಿಸಿ ಮರೆತುಬಿಡುತ್ತೇನೆ. ಅವನು ಮರೆತಿರಲಿಲ್ಲ. ಪದ ಕಟ್ಟಿದ್ದ.

"ಏನಿದು?" ಅಂದೆ. ದನಿ ಸ್ವಲ್ಪ ಗಡುಸಾಗಿಯೇ ಬಂತು ಅಂತ ಕಾಣುತ್ತದೆ.

"ರ‍್ಯಾಪ್."

"ಇದನ್ನ ಕನ್ನಡದಾಗ ಬರಿಯಾಕ ಏನಾಗಿತ್ತು?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಕ್ಲಾಸ್‌ನಲ್ಲಿ ಯಾರಿಗೆ ಅರ್ಥ ಆಗುತ್ತೆ ಅಪ್ಪಾ?" ಅಂದ. ಆಮೇಲೆ, ಸಮಾಧಾನ ಹೇಳುವವನ ಹಾಗೆ, "ಇಪಿಆರ್ ಗೊತ್ತಾ ನಿಂಗೆ? ಅವನೂ ಸೌತ್ ಇಂಡಿಯನ್ನೇ. ಅಯ್ಯರ್" ಅಂದ.

ಗೊತ್ತಿರಲಿಲ್ಲ. ಆ ರಾತ್ರಿ ಅವನ ಜೊತೆ ಕುಳಿತು ಫೋನಿನಲ್ಲಿ ನೋಡಿದೆ, ಅವನು ಮಲಗಿದ ಮೇಲೆ ಒಬ್ಬನೇ ಕುಳಿತು ಮತ್ತೆ ನೋಡಿದೆ.

ಇಪಿಆರ್ ಅಯ್ಯರ್ ಅಂದರೆ ಸಂತಾನಂ ಶ್ರೀನಿವಾಸನ್ ಅಯ್ಯರ್. ಹೆಸರು ಓದಿದರೆ ಮೈಲಾಪುರದ ಯಾವುದೋ ಬೀದಿಯಲ್ಲಿ ಬೆಳಗಿನ ಕಾಫಿ ಕುಡಿಯುತ್ತ 'ಹಿಂದೂ' ಪತ್ರಿಕೆ ಓದುವವರ ಚಿತ್ರ ಕಣ್ಣಿಗೆ ಬರುತ್ತದೆ. ಮನುಷ್ಯ ಕೋಲ್ಕತ್ತಾದವನು. ತಮಿಳು ಮನೆಯ ಹುಡುಗ, ಬೆಳೆದದ್ದು ಈ ಊರಿನ ಗದ್ದಲದಲ್ಲಿ. ಈ ಊರಿಗೆ ಬ್ಯಾಂಡುಗಳ ಹುಚ್ಚು ಹಳೆಯದು. ಗೌತಮ್ ಚಟ್ಟೋಪಾಧ್ಯಾಯ ಮತ್ತವರ ಗೆಳೆಯರು ಮೊಹಿನೇರ್ ಘೋಡಾಗುಲಿ ಎಂಬ ತಂಡ ಕಟ್ಟಿದ್ದು 1970ರ ದಶಕದಲ್ಲಿ. 1992ರಲ್ಲಿ ಕಬೀರ್ ಸುಮನ್ ಒಬ್ಬರೇ ಗಿಟಾರ್ ಹಿಡಿದು ಹಾಡಿದ ಒಂದು ಕ್ಯಾಸೆಟ್ ಬಂಗಾಳಿ ಹಾಡಿನ ಜಾಯಮಾನವನ್ನೇ ಬದಲಿಸಿತು ಎನ್ನುತ್ತಾರೆ. ಅದರ ಹಿಂದೆಯೇ ಫಾಸಿಲ್ಸ್, ಕ್ಯಾಕ್ಟಸ್, ಚಂದ್ರಬಿಂದು. ಇನ್ನೊಂದು ಕಡೆ ಪಾರ್ಕ್ ಸ್ಟ್ರೀಟಿನ ಇಂಗ್ಲಿಷ್ ರಾಕ್. ಇಂಥ ಊರಿನಲ್ಲಿ 2010ರ ಸುಮಾರಿಗೆ ಅಂಡರ್‌ಗ್ರೌಂಡ್ ಅಥಾರಿಟಿ ಎಂಬ ತಂಡ ಹುಟ್ಟಿತು. ರಾಕ್, ರೆಗ್ಗೆ, ರ‍್ಯಾಪ್ ಮೂರನ್ನೂ ಕಲಸಿ, ರಾಜಕೀಯವನ್ನು ಎದೆಗೊಟ್ಟು ಹಾಡುವ ತಂಡ. ಅದರ ಮುಂದೆ ನಿಂತು ಮಾತು ಸಿಡಿಸುತ್ತಿದ್ದವನು ಈ ಅಯ್ಯರ್. ದೇಶದ ಉಳಿದ ಭಾಗಕ್ಕೆ ಅವರು ಪರಿಚಯವಾದದ್ದು ಇಂಡಿಯಾಸ್ ಗಾಟ್ ಟ್ಯಾಲೆಂಟ್ ಕಾರ್ಯಕ್ರಮದಿಂದ.

ಅಲ್ಲಿಂದ ಮುಂದಿನ ಹೆಚ್ಚುಕಡಿಮೆ ಒಂಬತ್ತು ವರ್ಷ ಸ್ವತಂತ್ರ ಸಂಗೀತಗಾರನ ಬದುಕು. ಅಂದರೆ ಕಾಲೇಜು ಫೆಸ್ಟುಗಳು, ಬ್ಯಾಂಡಿನ ಕಾರ್ಯಕ್ರಮಗಳು, ತಾನೇ ಬರೆದು ತಾನೇ ಬಿಡುಗಡೆ ಮಾಡುವ ಹಾಡುಗಳು. ಸಿನಿಮಾ ಹಾಡಿನ ದಾರಿಯಲ್ಲಿ ಹೋಗದವನಿಗೆ ನಮ್ಮ ದೇಶದಲ್ಲಿ ಇರುವುದು ಇದೊಂದೇ ದಾರಿ, ಅದಕ್ಕೆ ಡಾಂಬರು ಹಾಕಿದವರು ಯಾರೂ ಇಲ್ಲ. 2019ರಲ್ಲಿ ಎಂಟಿವಿ 'ಹಸಲ್' ಎಂಬ ರ‍್ಯಾಪ್ ಸ್ಪರ್ಧೆ ಶುರು ಮಾಡಿದಾಗ ಅಷ್ಟು ವರ್ಷ ವೇದಿಕೆ ಕಂಡವನು ಸ್ಪರ್ಧಿಯಾಗಿ ಹೋಗಿ ಸಾಲಿನಲ್ಲಿ ನಿಂತ. ಗೆದ್ದದ್ದು ಎಂ ಝೀ ಬೆಲ್ಲಾ. ಇವನಿಗೆ ಎರಡನೇ ಸ್ಥಾನ. ಮೂರು ವರ್ಷದ ನಂತರ, 2022ರಲ್ಲಿ, ಅದೇ ಕಾರ್ಯಕ್ರಮ ಅವನನ್ನು ಕರೆದು ಹೊಸ ಹುಡುಗರ ತಂಡಕ್ಕೆ ಮುಂದಾಳು ಮಾಡಿತು. ಐಟಿಯಲ್ಲಿ ನಾವು ಇದನ್ನು ಇಂಟರ್ವ್ಯೂನಲ್ಲಿ ಫೇಲ್ ಆದ ಕಂಪನಿಗೇ ಮ್ಯಾನೇಜರಾಗಿ ಹೋಗುವುದು ಎನ್ನಬಹುದು. ನೂರಕ್ಕೊಬ್ಬರಿಗೆ ಆಗುತ್ತದೆ.

ಆ 2019ರ ವೇದಿಕೆಯನ್ನು ಒಮ್ಮೆ ದಿಟ್ಟಿಸಿ ನೋಡಬೇಕು. ತೀರ್ಪುಗಾರರಲ್ಲಿ ಒಬ್ಬ ರಫ್ತಾರ್. ಹಿಂದಿ ರ‍್ಯಾಪಿನ ದೊಡ್ಡ ಹೆಸರು. ನಿಜವಾದ ಹೆಸರು ದಿಲಿನ್ ನಾಯರ್, ತಿರುವನಂತಪುರದ ಮೂಲ. ಇನ್ನೊಬ್ಬಳು ರಾಜ ಕುಮಾರಿ. ಅವಳು ಶ್ವೇತಾ ರಾವ್, ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ತೆಲುಗು ಮನೆಯ ಮಗಳು. ಎದುರಿಗೆ ಕೋಲ್ಕತ್ತಾದ ತಮಿಳು ಅಯ್ಯರ್. ಮಲಯಾಳಿಯೂ ತೆಲುಗಿನವಳೂ ಕುಳಿತು ತಮಿಳನ ಹಿಂದಿಗೆ ಅಂಕ ಕೊಡುತ್ತಿದ್ದಾರೆ! ಕಳೆದೆರಡು ವರ್ಷಗಳಿಂದ ಜಗತ್ತೆಲ್ಲ ಕುಣಿಯುತ್ತಿರುವ ಹನುಮಾನ್‌ಕೈಂಡ್ ಕೂಡ ಇದೇ ಜಾತಿಯವನು. ಮಲಪ್ಪುರದ ಸೂರಜ್ ಚೆರುಕಾಟ್, ಬೆಳೆದದ್ದು ಅಮೆರಿಕದ ಹ್ಯೂಸ್ಟನ್ನಿನಲ್ಲಿ, ದನಿ ಪಳಗಿಸಿಕೊಂಡದ್ದು ನಮ್ಮ ಬೆಂಗಳೂರಿನ ಸಣ್ಣಪುಟ್ಟ ವೇದಿಕೆಗಳಲ್ಲಿ. ಮನೆ ಒಂದು ಕಡೆ, ಊರು ಇನ್ನೊಂದು ಕಡೆ ಆದವರೇ ಈ ಕಲೆಗೆ ಯಾಕೆ ಇಷ್ಟು ಜನ ಬರುತ್ತಾರೆ?

ಹುಡುಕಿದರೆ ಬುಡದಲ್ಲೇ ಅಂಥವನೊಬ್ಬ ಇದ್ದಾನೆ. ಹಿಪ್-ಹಾಪ್ ಹುಟ್ಟಿದ್ದು 1973ರ ಆಗಸ್ಟ್ 11ರಂದು, ನ್ಯೂಯಾರ್ಕಿನ ಬ್ರಾಂಕ್ಸ್‌ನ ಸೆಡ್ಜ್‌ವಿಕ್ ಅವೆನ್ಯೂದ ಒಂದು ವಸತಿ ಕಟ್ಟಡದಲ್ಲಿ ಎಂದು ಎಲ್ಲರೂ ಒಪ್ಪುತ್ತಾರೆ. ತಂಗಿ ಇಟ್ಟುಕೊಂಡ ಪಾರ್ಟಿಯಲ್ಲಿ ರೆಕಾರ್ಡು ತಿರುಗಿಸಿದ ಡಿಜೆ ಕೂಲ್ ಹರ್ಕ್ ಎಂಬ ಹದಿನೆಂಟರ ಹುಡುಗನ ಹೆಸರು ಕ್ಲೈವ್ ಕ್ಯಾಂಪ್‌ಬೆಲ್. ಹುಟ್ಟೂರು ಜಮೈಕಾದ ಕಿಂಗ್‌ಸ್ಟನ್. ಬ್ರಾಂಕ್ಸ್‌ಗೆ ಬಂದಾಗ ಅವನಿಗೆ ಹನ್ನೆರಡು ವರ್ಷ. ಜಮೈಕಾದ ಬೀದಿಯಲ್ಲಿ ದೊಡ್ಡ ಸ್ಪೀಕರು ಇಟ್ಟು ಮೈಕಿನಲ್ಲಿ ಮಾತು ಹೊಡೆಯುವುದನ್ನು ಅವನು ಬಾಲ್ಯದಲ್ಲಿ ಕಂಡಿದ್ದ. ಅದನ್ನು ತಂದು ಅಮೆರಿಕದ ಫಂಕ್ ಸಂಗೀತದ ಮೇಲೆ ಇಟ್ಟ.

ಮಗನಿಗೆ ಇದನ್ನೆಲ್ಲ ಹೇಳಿದರೆ, "ಗೊತ್ತು" ಅಂದ. ಇದೊಂದು ಪದ ಕನ್ನಡದಲ್ಲಿ ಬಹಳ ಚೆನ್ನಾಗಿ ಬರುತ್ತದೆ ಅವನಿಗೆ.

ಈಗ ಇಪಿಆರ್ ಆ ವೇದಿಕೆಯಲ್ಲಿ ಹಾಡಿದ ಒಂದು ಹಾಡಿನ ಬಗ್ಗೆ ಹೇಳಬೇಕು. ಅದರ ಹೆಸರು 'ಏಕ್ಲಾ ಚಲೋ ರೇ'. ಟ್ಯಾಗೋರರ ಹಾಡು ನಿಮಗೆ ಗೊತ್ತೇ ಇದೆ. 1905ರ ಬಂಗಾಳ ವಿಭಜನೆಯ ಕಾಲದಲ್ಲಿ ಬರೆದದ್ದು, ಗಾಂಧೀಜಿಗೆ ಪ್ರಿಯವಾದದ್ದು. ಇಲ್ಲಿ ಪೂಜೆಯ ಪೆಂಡಾಲಿನಿಂದ ಪಾರ್ಟಿ ಮೆರವಣಿಗೆಯವರೆಗೆ ಕಿವಿಗೆ ಬೀಳುತ್ತಲೇ ಇರುತ್ತದೆ. ಬಿದ್ದು ಬಿದ್ದು ಸವೆದ ಹಾಡು. ಅಯ್ಯರ್ ಆ ಪಲ್ಲವಿಯನ್ನು ಎತ್ತಿಕೊಂಡು, ಅದರ ಸುತ್ತ ಹಿಂದಿಯಲ್ಲಿ ರೈತನ ಪಾಡು ಕಟ್ಟಿದ. ಸಾಲ, ಬೆಲೆ, ಆತ್ಮಹತ್ಯೆ. ಜೊತೆಗೆ ಬರುವವರಿಲ್ಲದಿದ್ದರೂ ನಡೆ ಎಂಬ ಧೈರ್ಯದ ಮಾತು, ಯಾರೂ ಜೊತೆಗೆ ಬಾರದ ರೈತನ ಬಾಯಲ್ಲಿ ಬೇರೆಯೇ ಆಗಿ ಕೇಳುತ್ತದೆ.

ಅದನ್ನು ಕೇಳುವಾಗ ರಾತ್ರಿ ಹನ್ನೆರಡೂವರೆ. ಇಯರ್‌ಫೋನ್ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನ್ನದು ನರಗುಂದ ತಾಲೂಕಿನ ಹಳ್ಳಿ. ನರಗುಂದ ಎಂದರೆ ಕರ್ನಾಟಕದಲ್ಲಿ ನನ್ನ ಅಪ್ಪನ ವಯಸ್ಸಿನವರಿಗೆಲ್ಲ ಒಂದೇ ನೆನಪು: 1980ರ ಜುಲೈ 21. ಮಲಪ್ರಭಾ ಅಚ್ಚುಕಟ್ಟಿನ ರೈತರು ಬೆಟರ್‌ಮೆಂಟ್ ಲೆವಿ ಕಟ್ಟುವುದಿಲ್ಲ ಎಂದು ಎದ್ದು ನಿಂತದ್ದು, ಗೋಲಿಬಾರ್ ಆದದ್ದು, ನರಗುಂದ ನವಲಗುಂದಗಳಲ್ಲಿ ಹೆಣ ಬಿದ್ದದ್ದು. ಗುಂಡೂರಾಯರ ಸರ್ಕಾರಕ್ಕೆ ಅಲ್ಲಿಂದಲೇ ಬಿಸಿ ತಾಗಿತು, ರಾಜ್ಯ ರೈತ ಸಂಘ ಹುಟ್ಟಿದ್ದೂ ಆ ಕಾವಿನಲ್ಲೇ. ನರಗುಂದದಲ್ಲಿ ರೈತನ ವೀರಗಲ್ಲು ಇದೆ. ಪ್ರತಿ ವರ್ಷ ಆ ದಿನ ಮಾಲೆ ಬೀಳುತ್ತದೆ. ನಾನು ಹುಟ್ಟಿದ್ದು ಅದಾದ ಏಳು ವರ್ಷಕ್ಕೆ. ಆ ಕಲ್ಲಿನ ಮುಂದೆ ಎಷ್ಟು ಸಲ ಬಸ್ಸಿಗೆ ಓಡಿದ್ದೇನೋ ಲೆಕ್ಕವಿಲ್ಲ.

ನನ್ನ ಮಗನಿಗೆ ಇದರಲ್ಲಿ ಒಂದಕ್ಷರವೂ ಗೊತ್ತಿಲ್ಲ. ನಾನು ಹೇಳಿಲ್ಲ. 'ಸಾಕು' ಹೇಳಿದ್ದೇನೆ, 'ಗೊತ್ತು' ಕಲಿಸಿದ್ದೇನೆ. ರೈತನ ವಿಷಯ ಅವನಿಗೆ ಮೊದಲು ಬಂದದ್ದು ಕೋಲ್ಕತ್ತಾದ ತಮಿಳನೊಬ್ಬನ ಹಿಂದಿಯಿಂದ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ವಾರವೇ ಆಫೀಸಿನಲ್ಲಿ ನನಗೆ ಬೆಂಗಳೂರಿಗೆ ಬದಲಿ ಬೇಕಾ ಎಂದು ಕೇಳಿದ್ದರು. ತಿಂಗಳ ಕೊನೆಯೊಳಗೆ ಉತ್ತರಿಸಬೇಕು. ಸೆಕ್ಟರ್ ಫೈವಿನ ಕೆಲಸ ಚೆನ್ನಾಗಿಯೇ ಇದೆ, ಊರೂ ಒಗ್ಗಿದೆ, ಹೆಂಡತಿಗೆ ಇಲ್ಲಿನ ಮೀನು ಮಾರುಕಟ್ಟೆಯ ವಾಸನೆ ಬಿಟ್ಟರೆ ಮತ್ತೇನೂ ತಕರಾರಿಲ್ಲ. ಆದರೂ ನನಗೆ ಹೋಗಬೇಕೆನಿಸಿದ್ದು ಹುಡುಗನ ಸಲುವಾಗಿ. ಕನ್ನಡದ ವಾತಾವರಣ ಸಿಗುತ್ತದೆ ಎಂದು. (ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕನ್ನಡದ ವಾತಾವರಣ! ಅಲ್ಲಿರುವ ನನ್ನ ತಮ್ಮ ಕೇಳಿದರೆ ಬಿದ್ದು ಬಿದ್ದು ನಗುತ್ತಾನೆ.) ನೋಟ್‌ಬುಕ್ ನೋಡಿದ ಮೇಲೆ ಆ ಆಸೆ ಹಟವಾಯಿತು. ಹುಡುಗ ಕೈ ತಪ್ಪುತ್ತಿದ್ದಾನೆ, ಇನ್ನೆರಡು ವರ್ಷ ಬಿಟ್ಟರೆ ಪೂರ್ತಿ ಬಂಗಾಳಿಯಾಗುತ್ತಾನೆ ಎಂದು ಹೆಂಡತಿಯ ಮುಂದೆ ಜೋರಾಗಿಯೇ ಹೇಳಿದೆ.

"ಆದ್ರ ಏನಾತು? ಮಾಸ್ತಿ ಆಗಲಿಲ್ಲೇನು?" ಅಂದಳು ಅವಳು. ಹುಬ್ಬಳ್ಳಿಯವಳು, ಓದು ಎಂ.ಎ. ಕನ್ನಡ. ನನ್ನ ಎಂ.ಟೆಕ್ ಅವಳ ಮುಂದೆ ಇಂಥ ಹೊತ್ತಿನಲ್ಲಿ ಕೆಲಸಕ್ಕೆ ಬರುವುದಿಲ್ಲ.

ಆ ಮಾತು ಚುಚ್ಚಿತು, ಯಾಕೆಂದರೆ ನಿಜ. ಕನ್ನಡಕ್ಕೆ ಎಂಟು ಜ್ಞಾನಪೀಠ ಎಂದು ನಾವು ಹೊರಗಿನವರ ಮುಂದೆ ಎದೆ ತಟ್ಟಿಕೊಳ್ಳುತ್ತೇವೆ. ಇಲ್ಲಿನ ಬಂಗಾಳಿ ಸಹೋದ್ಯೋಗಿಗಳ ಮುಂದೆ ನಾನೇ ಎಷ್ಟೋ ಸಲ ತಟ್ಟಿಕೊಂಡಿದ್ದೇನೆ. ಆ ಎಂಟರಲ್ಲಿ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಕಾರ್ನಾಡರದು ಕೊಂಕಣಿ. ಕುಡುಕ ರತ್ನನ ಬಾಯಲ್ಲಿ ಕನ್ನಡವನ್ನು ಬೀದಿಗಿಳಿಸಿದ ರಾಜರತ್ನಂ ತಮಿಳು ಮನೆಯವರು. ಕೈಲಾಸಂ, ಪುತಿನ ಕೂಡ. ನಿಸಾರ್ ಅಹಮದರ ಮನೆಯಲ್ಲಿ ಉರ್ದು. ಅವರವರ ಮನೆಯ ಹಿರಿಯರೂ ಒಂದು ರಾತ್ರಿ ಹೀಗೆ ಕುಳಿತು, ಹುಡುಗ ಕೈ ತಪ್ಪಿದ ಎಂದು ಕೊರಗಿರಬಹುದಲ್ಲ? ನಮ್ಮ ಮನೆಗೆ ಬಂದ ಮಕ್ಕಳನ್ನು ಬಂಗಾರ ಎಂದು ಎತ್ತಿಕೊಂಡೆವು. ನಮ್ಮ ಮನೆಯದೊಂದು ಪಕ್ಕದ ಮನೆಯ ಅಂಗಳಕ್ಕೆ ಇಳಿದರೆ ಮಾತ್ರ ಹೊಟ್ಟೆಯಲ್ಲಿ ಸಂಕಟ.

ಸಂಕಟ ಇದ್ದೇ ಇದೆ, ಇಲ್ಲವೆನ್ನುವುದಿಲ್ಲ. ಮಾಸ್ತಿಯವರ ಹೆಸರು ಹೇಳಿದರೆ ಅದು ಹೋಗುವಂಥದ್ದೂ ಅಲ್ಲ.

ಈ ಊರಿಗಂತೂ ಪರ ಊರಿನವನ ಬಾಯಿಂದ ಪದ ಕೇಳುವುದು ಇನ್ನೂರು ವರ್ಷದ ಅಭ್ಯಾಸ. 19ನೇ ಶತಮಾನದ ಆರಂಭದಲ್ಲಿ ಇಲ್ಲಿ ಕವಿಗಾನ ಎಂಬ ಆಟ ಜೋರಾಗಿತ್ತು. ಇಬ್ಬರು ಕವಿಯಾಲರು ಎದುರುಬದುರು ನಿಂತು, ಡೋಲು ಹೊಡೆಯುತ್ತಿರುವಾಗಲೇ ಪದ ಕಟ್ಟಿ ಒಬ್ಬರನ್ನೊಬ್ಬರು ಕೆಡವಬೇಕು. ಜಾತಿ, ಕಸುಬು, ಮೂಗು, ಹೊಟ್ಟೆ ಯಾವುದನ್ನೂ ಬಿಡುವಂತಿಲ್ಲ. ಇಂದಿನ ರ‍್ಯಾಪ್ ಬ್ಯಾಟಲ್ ಇದಕ್ಕಿಂತ ಬೇರೆಯೇನಲ್ಲ. ಆ ಕವಿಯಾಲರಲ್ಲಿ ಅತ್ಯಂತ ಹೆಸರಾದವನು ಪೋರ್ಚುಗೀಸ್ ಮೂಲದ ಹೆನ್ಸ್‌ಮನ್ ಆಂಟನಿ. ಜನ ಕರೆದದ್ದು ಆಂಟನಿ ಫಿರಂಗಿ. ಬಂಗಾಳಿ ಕಲಿತು, ಕಾಳಿಯ ಮೇಲೆ ಪದ ಕಟ್ಟಿ, ಭೋಲಾ ಮೊಯ್ರಾನಂಥ ಘಟಾನುಘಟಿಗಳ ಎದುರು ನಿಂತ. ಬೌಬಜಾರಿನಲ್ಲಿ ಫಿರಂಗಿ ಕಾಳಿಬಾಡಿ ಎಂಬ ಗುಡಿ ಇಂದಿಗೂ ಅವನ ಹೆಸರಿನೊಂದಿಗೆ ತಳುಕು ಹಾಕಿಕೊಂಡಿದೆ. ಟ್ರಾಮ್ ಓಡಾಡುತ್ತಿದ್ದ ಕಾಲದಲ್ಲಿ ಒಮ್ಮೆ ನಾನೂ ಇಳಿದು ನೋಡಿ ಬಂದಿದ್ದೆ. 1967ರಲ್ಲಿ ಉತ್ತಮ್ ಕುಮಾರ್ ಆಂಟನಿಯಾಗಿ ನಟಿಸಿದ. 2014ರ 'ಜಾತಿಸ್ಮರ್' ಚಿತ್ರದಲ್ಲಿ ಆ ಕಥೆಯನ್ನು ಇಂದಿನ ಕಥೆಯೊಂದಕ್ಕೆ ಹೆಣೆದರು. ಅಲ್ಲಿ ಕೋಲ್ಕತ್ತಾದಲ್ಲಿ ಬೆಳೆದ ಗುಜರಾತಿ ಹುಡುಗನಿಗೆ ಬಂಗಾಳಿ ಹುಡುಗಿ ಹಾಕುವ ಸವಾಲು ಏನು ಗೊತ್ತೇ? ಸರಿಯಾದ ಬಂಗಾಳಿಯಲ್ಲಿ ಒಂದು ಹಾಡು ಬರೆದು ಹಾಡು ಎಂಬುದು.

ಭೋಲಾ ಮೊಯ್ರಾ ಎಂದೆನಲ್ಲ, ಮೊಯ್ರಾ ಅಂದರೆ ಮಿಠಾಯಿ ಮಾಡುವವನು. ಅವನ ಮೊಮ್ಮಗಳನ್ನು ಮದುವೆಯಾದವನು ಬಾಗ್‌ಬಜಾರಿನ ನಬೀನ್ ಚಂದ್ರ ದಾಸ್, ಕೋಲ್ಕತ್ತಾಗೆ ರಸಗುಲ್ಲ ಕೊಟ್ಟ ಮಹಾನುಭಾವ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಮೂಲೆಯ ಕೆ.ಸಿ. ದಾಸ್ ಅಂಗಡಿ ಅವನ ಮಗನ ಹೆಸರಿನದು. ಮುಂದಿನ ಸಲ ಅಲ್ಲಿ ರಸಗುಲ್ಲ ತಿನ್ನುವಾಗ, ಇದು ರ‍್ಯಾಪರನ ಬೀಗರ ಮನೆಯದು ಎಂದು ಪಕ್ಕದವರಿಗೆ ಹೇಳಿ.

ಆಮೇಲೆ ಕೆಲವು ವಾರ ನಾನೂ ಮಗನೂ ಒಂದು ಒಪ್ಪಂದಕ್ಕೆ ಬಂದೆವು. ಗಣಿತಕ್ಕೆ ಒಂದು ಗಂಟೆ ಕುಳಿತರೆ, ರ‍್ಯಾಪಿಗೆ ಅರ್ಧ ಗಂಟೆ ನಾನು ಕೂರುತ್ತೇನೆ. ಹಾಗೆ ಕುಳಿತು ನನಗೆ ತಿಳಿದದ್ದೆಂದರೆ ಇದರಲ್ಲೂ ಗಣಿತವೇ ಹೆಚ್ಚು. ನಿಮಿಷಕ್ಕೆ 90 ಬಡಿತ ಎಂದಿಟ್ಟುಕೊಳ್ಳಿ. ನಾಲ್ಕು ಬಡಿತಕ್ಕೆ ಒಂದು ಬಾರ್. 16 ಬಾರ್ ಆದರೆ ಒಂದು ಚರಣ. 64 ಬಡಿತ, ಹತ್ತಿರ ಹತ್ತಿರ 43 ಸೆಕೆಂಡು. ಅಷ್ಟರಲ್ಲಿ ಉಸಿರು ಎಲ್ಲಿ ಎಳೆದುಕೊಳ್ಳಬೇಕು ಎಂಬುದನ್ನೂ ಬರೆದುಕೊಂಡಿರಬೇಕು. ಮಗ ಅದಕ್ಕೆ ನೋಟ್‌ಬುಕ್ಕಿನಲ್ಲಿ ಸಣ್ಣ ಚುಕ್ಕಿ ಇಡುತ್ತಾನೆ.

ಪ್ರಾಸದ ವಿಷಯ ಬಂದಾಗ ನನಗೂ ಹೇಳಲು ಸ್ವಲ್ಪ ಇತ್ತು. ಕನ್ನಡ, ಬಂಗಾಳಿ, ಹಿಂದಿ ಮೂರರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹೀಗಾಗಿ ಅಂತ್ಯಪ್ರಾಸ ಬಿಟ್ಟಿ ಸಿಗುತ್ತದೆ. ಬಂದೆ, ತಿಂದೆ, ಅಂದೆ ಎಂದು ಪುಟಗಟ್ಟಲೆ ಹೋಗಬಹುದು. ಅದು ಪ್ರಾಸವಲ್ಲ, ವ್ಯಾಕರಣ. ಇಪಿಆರ್ ಹಿಂದಿಯನ್ನು ಗಮನವಿಟ್ಟು ಕೇಳಿದರೆ ಅವನು ಈ ಬಿಟ್ಟಿ ಪ್ರಾಸಕ್ಕೆ ಜೋತುಬೀಳುವುದು ಕಡಿಮೆ ಅನ್ನಿಸುತ್ತದೆ. ಸಾಲಿನ ಒಳಗೇ ಎರಡು ಮೂರು ಕಡೆ ಸದ್ದನ್ನು ಸದ್ದಿಗೆ ತಾಗಿಸುತ್ತಾನೆ. ನಮ್ಮ ಹಳೆಯ ಕವಿಗಳು ಸಾಲಿನ ಕೊನೆಯ ಗೊಡವೆಗೇ ಹೋಗದೆ, ಎರಡನೇ ಅಕ್ಷರದಲ್ಲಿ ಪ್ರಾಸ ಇಡುತ್ತಿದ್ದರು. ನೂರಾರು ವರ್ಷ ಅದನ್ನು ಬಿಡಲು ಯಾರಿಗೂ ಧೈರ್ಯ ಬರಲಿಲ್ಲ. ಕೊನೆಗೆ 1911ರಲ್ಲಿ ಮಂಜೇಶ್ವರದ ಗೋವಿಂದ ಪೈ ಬಿಟ್ಟರು. (ಅವರ ಮನೆಮಾತೂ ಕೊಂಕಣಿ. ಹೆಂಡತಿ ಇದನ್ನು ಓದಿದರೆ ಇನ್ನೊಂದು ಅಂಕ ಅವಳಿಗೆ.) ಎರಡನೇ ಅಕ್ಷರದ ಪ್ರಾಸ ಎಂಬುದು ಮಗನಿಗೆ ಬಹಳ ಹಿಡಿಸಿತು. ಸಾಲಿನ ತಲೆಯಲ್ಲಿ ಒಂದು, ಬಾಲದಲ್ಲಿ ಒಂದು ಇಟ್ಟರೆ ಬೀಟ್ ಬಿಗಿಯಾಗುತ್ತೆ ಅಪ್ಪಾ ಅಂದ. ಬಂಗಾಳಿಯಲ್ಲೇ ಪ್ರಯತ್ನಿಸಿದ. ಬಿಗಿಯಾಗಿಯೇ ಬಂತು.

ಕನ್ನಡದಲ್ಲೂ ರ‍್ಯಾಪ್ ಇದೆ ಎಂದು ತೋರಿಸಬೇಕಲ್ಲ. ತೋರಿಸಿದೆ. ಬ್ರೋಧಾ ವಿ ಎಂಬ ಬೆಂಗಳೂರಿನ ವಿಘ್ನೇಶ್ ಶಿವಾನಂದ್ 2012ರಲ್ಲಿ ಮಾಡಿದ 'ಆತ್ಮ ರಾಮ' ಕೇಳಿಸಿದೆ. ಮಾತು ಇಂಗ್ಲಿಷ್, ಪಲ್ಲವಿಗೆ ರಾಮಸ್ತುತಿ. ಇವನೂ, ಸುಮುಖ್ ಮೈಸೂರ್ ಅಂದರೆ ಸ್ಮೋಕಿ ದ ಘೋಸ್ಟ್, ಇನ್ನೂ ಹಲವರು ಆರ್ಕುಟ್ ಕಾಲದಲ್ಲಿ ಬರಹದಲ್ಲೇ ಬ್ಯಾಟಲ್ ಆಡಿ ಬೆಳೆದವರು. ನಾನು ಅದೇ ಆರ್ಕುಟ್‌ನಲ್ಲಿ ಸ್ನೇಹಿತರಿಗೆ 'ಟೆಸ್ಟಿಮೋನಿಯಲ್' ಬರೆದುಕೊಂಡು ಕಾಲ ಕಳೆಯುತ್ತಿದ್ದೆ. ಆಲ್ ಓಕೆ, ರಾಹುಲ್ ಡಿಟ್-ಓ, ಚಂದನ್ ಶೆಟ್ಟಿ ಎಲ್ಲವೂ ಆಯಿತು. ಹುಡುಗ ತಲೆದೂಗಿದ. ಆದರೆ ಮರುದಿನ ಮತ್ತೆ ಬಂಗಾಳಿಯಲ್ಲೇ ಬರೆಯುತ್ತಿದ್ದ. ಇಲ್ಲಿನ ಸಿಝಿ ಎಂಬ ರೌನಕ್ ಚಕ್ರವರ್ತಿಯೂ ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿ ಆಮೇಲೆ ಬಂಗಾಳಿಗೆ ಹೊರಳಿದವನು. 'ಮಿಡ್ಲ್ ಕ್ಲಾಸ್ ಪಾಂಚಾಲಿ' ಎಂದು ಹಾಡಿಗೆ ಹೆಸರಿಟ್ಟ. ಪಾಂಚಾಲಿ ಅಂದರೆ ಇಲ್ಲಿನ ಹೆಂಗಸರು ಗುರುವಾರ ಲಕ್ಷ್ಮೀಪೂಜೆಗೆ ಓದುವ ಕಥನಪದ. ತನ್ನ ಸುತ್ತ ಯಾರು ಕೇಳುತ್ತಾರೋ ಅವರ ಕಿವಿಗೆ ತಕ್ಕ ಮಾತು. ಕಸ್ಬಾದ ಹುಡುಗನೂ ಅದನ್ನೇ ಮಾಡುತ್ತಿದ್ದ.

ಡಿಸೆಂಬರಿನಲ್ಲಿ ಅವ್ವ ಬಂದಳು. ಪ್ರತಿ ಚಳಿಗಾಲಕ್ಕೂ ಗದಗಿನಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬರುತ್ತಾಳೆ. ಮೊಮ್ಮಗ ಕೈ ಬೀಸುತ್ತ ಕೋಣೆಯಲ್ಲಿ ಓಡಾಡಿಕೊಂಡು ಗುನುಗುವುದನ್ನು ಎರಡು ದಿನ ನೋಡಿದಳು.

"ಏನಲೇ ಅದು, ಯಾರಿಗಿ ಬೈಯಾಕತ್ತೀ?"

"ಬೈಯೋದಲ್ಲ ಅಜ್ಜಿ, ರ‍್ಯಾಪ್. ಹಾಡು."

"ರಾಗ ಎಲ್ಲೈತಿ ಇದರಾಗ?" ಎಂದವಳು ಸ್ವಲ್ಪ ಹೊತ್ತು ಬಿಟ್ಟು ತಾನೇ, "ಹರದೇಶಿಯವರೂ ಹಿಂಗ ನಡುವ ಮಾತಿನಾಗ ಹೊಡೀತಿದ್ರು ಬಿಡು" ಅಂದಳು.

ನಮ್ಮ ಕಡೆಯ ಜಾತ್ರೆಗಳಲ್ಲಿ ಹರದೇಶಿ ನಾಗೇಶಿ ಪದಗಳ ಸವಾಲು ನಡೆಯುವುದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಒಂದು ಮೇಳ ಶಿವ ಹೆಚ್ಚು, ಗಂಡು ಹೆಚ್ಚು ಎನ್ನಬೇಕು. ಇನ್ನೊಂದು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎನ್ನಬೇಕು. ದಪ್ಪು, ತುಂತುಣಿ, ಹಿಂದೆ ನಿಂತವರ ಜೀ ಜೀ. ರಾತ್ರಿಯಿಡೀ ಪ್ರಶ್ನೆ, ರಾತ್ರಿಯಿಡೀ ಉತ್ತರ. ಉತ್ತರ ಸಿಗದಿದ್ದವರು ಸೋತಂತೆ. ಅವ್ವ ಹುಡುಗಿಯಾಗಿದ್ದಾಗ ಚಕ್ಕಡಿ ಕಟ್ಟಿಕೊಂಡು ಹೋಗಿ ಬೆಳಗಾಗುವ ತನಕ ಕೇಳಿದ್ದಳಂತೆ. ಕೆಲವು ನುಡಿ ಇನ್ನೂ ಬಾಯಲ್ಲಿವೆ. ಮೇಜಿನ ಮೇಲೆ ಬೆರಳು ಬಡಿಯುತ್ತ ಅವಳು ಹೇಳಿದಳು, ಮಗ ಫೋನಿನಲ್ಲಿ ಬೀಟ್ ಹುಡುಕಿ ಹೊಂದಿಸಿದ. ಅವಳ ಉಸಿರಿನ ಜಾಗವೂ ಅವನ ಚುಕ್ಕಿಯೂ ಬೇರೆ ಬೇರೆ ಕಡೆ ಬರುತ್ತಿದ್ದವು. ಅದಕ್ಕೆ ಇಬ್ಬರೂ ಜಗಳಾಡಿದರು.

ಆ ಸಂಜೆಗಳಲ್ಲೇ ಯಾವುದೋ ಒಂದು ದಿನ ನರಗುಂದದ ಕಥೆಯೂ ಬಂತು. ನಾನು ಹೇಳಿಸಿದ್ದಲ್ಲ. ಮಗ ಅಜ್ಜಿಗೆ ಇಪಿಆರ್‌ನ ರೈತನ ಹಾಡು ತೋರಿಸಿ ಅರ್ಥ ಬಿಡಿಸಿ ಹೇಳುತ್ತಿದ್ದ. ಅವನ ಕುಂಟುಗನ್ನಡದಲ್ಲಿ. ಅವಳು ಕೇಳಿ ಮುಗಿಸಿ, "ನಿಮ್ಮ ಮುತ್ಯಾನ ಕಥಿ ಹೇಳ್ಲೇನು?" ಅಂದಳು. ಅವಳು ಮದುವೆಯಾಗಿ ಬಂದ ಹೊಸತು. ಆ ದಿನ ಮನೆಯ ಗಂಡಸರೆಲ್ಲ ನರಗುಂದಕ್ಕೆ ಹೋಗಿದ್ದರು. ಕತ್ತಲಾದರೂ ಮಾವ ಬರಲಿಲ್ಲ. ಅತ್ತೆ ಒಲೆ ಹಚ್ಚಲಿಲ್ಲ. ಮರುದಿನ ಮಧ್ಯಾಹ್ನ ಜೋಳದ ಹೊಲದೊಳಗಿನಿಂದ ಎದ್ದು ಬಂದ ಮಾವನ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಮತ್ತು ಅವನು ಎಂಟು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಇಷ್ಟು ನನಗೂ ಗೊತ್ತಿರಲಿಲ್ಲ. ಚಪ್ಪಲಿಯ ವಿಷಯ, ಒಲೆಯ ವಿಷಯ. ಮೂವತ್ತೆಂಟು ವರ್ಷ ಮಗನಾಗಿದ್ದೂ ನಾನು ಕೇಳಿರಲಿಲ್ಲ.

"ಲೆವಿ ಅಂದ್ರೆ ಏನು?" ಅಂತ ಹುಡುಗ ನನ್ನನ್ನು ಕೇಳಿದ. ಹೇಳಿದೆ. ನೀರು ಹೊಲಕ್ಕೆ ಸರಿಯಾಗಿ ಬರುವ ಮೊದಲೇ, ಹೊಲದ ಬೆಲೆ ಏರಿತಲ್ಲ, ದುಡ್ಡು ಕಟ್ಟು ಎಂದದ್ದು. ಅವನು ಬರೆದುಕೊಂಡ.

ಅವ್ವ ಊರಿಗೆ ಹೊರಡುವ ಹಿಂದಿನ ರಾತ್ರಿ ಅವನು ನಮ್ಮೆಲ್ಲರನ್ನೂ ಸೋಫಾದ ಮೇಲೆ ಕೂರಿಸಿ ಹಾಡಿದ. 16 ಬಾರ್. ಪೂರ್ತಿ ಬಂಗಾಳಿ. ನರಗುಂದ ಅವನ ಬಾಯಲ್ಲಿ ನೊರ್ಗುಂದೊ ಆಗಿತ್ತು. ಜೋಳದ ಹೊಲ ಇತ್ತು, ಹಚ್ಚದ ಒಲೆ ಇತ್ತು, ಚಪ್ಪಲಿ ಇತ್ತು. ಎಂಟು ದಿನದ ಮೌನಕ್ಕೆ ಅವನು ಒಂದಿಡೀ ಬಾರ್ ಖಾಲಿ ಬಿಟ್ಟಿದ್ದ. ಬರೀ ಬೀಟ್. ಆಮೇಲೆ ಕೊನೆಯಲ್ಲಿ ಕನ್ನಡದ ಒಂದೇ ಪದ, ಅದೇ ಹಳೆಯದು: ಸಾಕು. ಈ ಸಲ ಅದು ನನಗೆ ಹೇಳಿದ್ದಲ್ಲ, ಮುತ್ಯಾ ಹೇಳಿದ್ದು.

ಹೆಂಡತಿ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು. ನಾನು ಏನು ಹೇಳಬೇಕೋ ತಿಳಿಯದೆ ಫೋನ್ ನೋಡುವವನ ಹಾಗೆ ಕುಳಿತೆ.

"ನನಗ ತಿಳೀಲಿಲ್ಲ," ಅಂದಳು ಅವ್ವ. "ಆದ್ರ ನಮ್ಮೂರ ಹೆಸರು ಎರಡ ಸಲ ಬಂತು."

"ಮೂರು ಸಲ ಅಜ್ಜಿ."

"ಹಂಗಾರ ಸವಾಲು ಹಾಕಿದಂಗ ಆತು. ಎದುರು ಪದ ಯಾರು ಹಾಡ್ತೀರಿ?" ಎಂದು ನನ್ನ ಕಡೆ ನೋಡಿದಳು. "ಇಂವ ಆ ಭಾಷಾದಾಗ ಅಂದಾನ, ನೀ ನಮ್ಮ ಭಾಷಾದಾಗ ಅನ್ನು. ಉತ್ತರಾ ಕೊಡದಿದ್ರ ಸೋತಂಗ ನೋಡ."

ಅವ್ವ ಊರು ಸೇರಿ ಹತ್ತು ದಿನವಾಯಿತು. ದಿನಾ ಸಂಜೆ ಫೋನು ಮಾಡಿ ಮೊದಲು ಕೇಳುವುದೇ ಅದನ್ನು. ನಾನು ಬರೆಯುತ್ತಿದ್ದೇನೆ. ಮೂರು ಸಾಲು ಆಗಿವೆ, ಮೂರೂ ಕ್ರಿಯಾಪದದಲ್ಲಿ ಮುಗಿಯುತ್ತವೆ. ಮಗ ನೋಡಿ, "ಇದು ಪ್ರಾಸ ಅಲ್ಲ ಅಪ್ಪಾ, ವ್ಯಾಕರಣ" ಅಂದ. ಎರಡನೇ ಅಕ್ಷರಕ್ಕೆ 'ರ' ಹಿಡಿದು ಹೊರಟಿದ್ದೇನೆ, ನರಗುಂದದ 'ರ'. ಬೆಂಗಳೂರಿನವರಿಗೆ ಬರೆಯಬೇಕಾದ ಮೇಲ್ ಡ್ರಾಫ್ಟಿನಲ್ಲೇ ಇದೆ. ಇನ್ನೊಂದು ವಾರ ಸಮಯ ಕೇಳಿದ್ದೇನೆ.